ಗಾಡಿ ಎಡಕ್ಕೆ ತಿರುಗಿದ್ದು

"ಈ ಬುಗ್ಗೆಯ ನೀರನ್ನ ಒಂದು ಬೊಗಸೆ ಕುಡಿದವರು ಮತ್ತೆ ನಮ್ಮೂರಿಗೆ ಬಂದೇ ಬರ್ತಾರೆ," ಎಂದು ಗಾಡಿಯಕ್ಕ ಎಂದಿನಂತೆ ಕೈ ಚಾಚಿ ಹೇಳಿದಳು.

"ಅದೆಲ್ಲ ಬುರುಡೆ," ಎಂದಿತು ಹಿಂದಿನ ಬೆಂಚಿನಿಂದ ಒಂದು ಮುದಿ ದನಿ. "ಇದು ನಾವು ಬಟ್ಟೆ ಒಗೀತಿದ್ದ ಜಾಗ."

ಪ್ರವಾಸಿಗರೆಲ್ಲ ಗೊಳ್ಳೆಂದು ನಕ್ಕರು. ಗಾಡಿಯಕ್ಕನೂ ನಕ್ಕಳು. ಟ್ರ್ಯಾಕ್ಟರಿಗೆ ಬೆಂಚುಗಳಿದ್ದ ಟ್ರೇಲರ್ ಕಟ್ಟಿಕೊಂಡು ಊರು ತೋರಿಸುವುದು ಅವಳ ಕಸುಬು. ಕಿತ್ತಳೆ ತೋಟಗಳ ಆ ಸಣ್ಣ ಊರಿನಲ್ಲಿ ನೋಡುವಂಥದ್ದೇನೂ ಹೆಚ್ಚಿರಲಿಲ್ಲ. ಊರ ಬಾಗಿಲಲ್ಲಿ ಸಿಮೆಂಟಿನ ದೊಡ್ಡ ಕಿತ್ತಳೆ, ಈ ಬುಗ್ಗೆ, ರೈಲು ಬರುವುದು ನಿಂತುಹೋದ ಹಳೇ ನಿಲ್ದಾಣ, ಗುಡ್ಡದ ಮೇಲಿಂದ ಕಾಣುವ ತೋಟಗಳು. ಇದ್ದದ್ದಕ್ಕೇ ಉಪ್ಪುಖಾರ ಹಚ್ಚಿ ಹೇಳುವುದರಲ್ಲಿತ್ತು ಅವಳ ಅನ್ನ.

ಆದರೆ ಗಾಡಿ ಹೊರಟ ಮೇಲೆ "ನಾವು" ಎಂಬ ಆ ಮಾತು ಅವಳನ್ನು ಕೊರೆಯತೊಡಗಿತು. ಕನ್ನಡಿಯಲ್ಲಿ ಹಿಂದೆ ನೋಡಿದಳು. ತಲೆಗೆ ವಸ್ತ್ರ, ಮುಖದ ಅರ್ಧ ನುಂಗಿದ ಕಪ್ಪು ಕನ್ನಡಕ. ಆ ಮುದುಕಿ ಯಾರ ಜೊತೆಗೂ ಮಾತಿಲ್ಲದೆ ತೋಟಗಳನ್ನೇ ನೋಡುತ್ತಿದ್ದಳು.

ನಿಲ್ದಾಣದಲ್ಲಿ ಉಳಿದವರು ಚಿತ್ರ ತೆಗೆಯುವುದರಲ್ಲಿ ಮುಳುಗಿದಾಗ ಮುದುಕಿ ನೇರವಾಗಿ ತೂಕದ ಕೋಣೆಯ ಹಿಂದಕ್ಕೆ ಹೋದಳು. ಅಲ್ಲಿ ಪ್ಲಾಟ್‌ಫಾರಂ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ಹಣ್ಣಿನ ಪೆಟ್ಟಿಗೆಗಳು ರೈಲಿಗೆ ಏರುತ್ತಿದ್ದ ಕಾಲದಲ್ಲಿ ಗಾಡಿಯಕ್ಕ ಪುಟ್ಟ ಹುಡುಗಿಯಾಗಿ ಅದೇ ಅಂಚಿನಲ್ಲಿ ಅಮ್ಮ ಮತ್ತು ಚಿಕ್ಕಮ್ಮನ ನಡುವೆ ಕೂರುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಒಡೆದ ಹಣ್ಣು ತಿಂದು, ಯಾರ ಬೀಜ ದೂರ ಹೋಗುತ್ತದೆ ಎಂದು ಹಳಿಯ ಮೇಲೆ ಉಗುಳುತ್ತಿದ್ದರು. ಇಬ್ಬರೂ ಆಗಲೇ ಮಕ್ಕಳ ತಾಯಂದಿರು.

"ಅಜ್ಜೀ, ಹುಷಾರು. ಕೈ ಕೊಡ್ಲಾ?" ಎಂದು ಹತ್ತಿರ ಹೋದಳು.

ಮುದುಕಿ ಕನ್ನಡಕ ತೆಗೆದಳು. "ನಾನು ಅಜ್ಜಿ ಆಗಿಬಿಟ್ನೇನೇ, ಬಾಯಿಬಡುಕಿ?"

ಅವಳನ್ನು ಹಾಗೆ ಕರೆಯುತ್ತಿದ್ದವರು ಲೋಕದಲ್ಲಿ ಒಬ್ಬರೇ.

"ಚಿಕ್ಕಮ್ಮಾ! ಟಿಕೆಟ್ ತಗೊಂಡು ಬರೋದಾ ಹೀಗೆ?"

"ಮತ್ತೆ? ನಿಮ್ಮಮ್ಮನ ಬಾಗಿಲು ಬಡೀಬೇಕಿತ್ತಾ? ಊರು ಒಂದ್ಸಲ ಕಣ್ತುಂಬ ನೋಡ್ಕೊಂಡು ಹೋಗೋಣ ಅಂತ ಬಂದೆ. ಗಾಡಿ ಓಡಿಸೋಳು ನೀನೇ ಅಂತ ಕನಸು ಬಿದ್ದಿತ್ತಾ ನಂಗೆ?"

"ಗಾಡಿ ಹತ್ತಿದ ಜಾಗ ಗೊತ್ತಾಯ್ತಾ?"

"ಗೊತ್ತಾಗದೆ ಏನು," ಎಂದ ಚಿಕ್ಕಮ್ಮನ ದನಿ ಇಳಿಯಿತು. "ಬಾವಿಯ ಗುರುತೂ ಉಳಿಸಿಲ್ಲ."

ಪ್ರವಾಸಿಗರು ಗಾಡಿ ಹತ್ತುವ, ವಾಹನಗಳು ನಿಲ್ಲುವ ಆ ಬಯಲು ಒಂದು ಕಾಲಕ್ಕೆ ತಾತನ ತೋಟದ ಅರ್ಧ, ಚಿಕ್ಕಮ್ಮನ ಪಾಲು. ಗಂಡ ಆಸ್ಪತ್ರೆ ಸೇರಿದಾಗ ಅಕ್ಕನಿಗೆ ಒಂದು ಮಾತೂ ಹೇಳದೆ ಅದನ್ನು ಮಾರಿದ್ದಳು. ಕೊಂಡವನು ಕಾಯಿ ತುಂಬಿದ್ದ ಮರಗಳನ್ನೇ ಬುಡಮಟ್ಟ ಕಡಿಸಿದ. ಅಮ್ಮ ಬೇಲಿಯ ಈಚೆ ನಿಂತು ಅದನ್ನು ನೋಡಿದಳು, ಅಂದಿನಿಂದ ತಂಗಿಯ ಜೊತೆ ಮಾತು ಬಿಟ್ಟಳು. ಚಿಕ್ಕಪ್ಪ ಉಳಿಯಲಿಲ್ಲ. ಅವನು ಸತ್ತಾಗಲೂ ಅಮ್ಮ ಹೋಗಲಿಲ್ಲ.

"ಚಿಕ್ಕಪ್ಪ ಹೋದ ದಿನ ಅಮ್ಮ ಬಸ್ ನಿಲ್ದಾಣದ ತನಕ ಬಂದಿದ್ಲು," ಎಂದಳು ಗಾಡಿಯಕ್ಕ. "ಬ್ಯಾಗ್ ಹಿಡ್ಕೊಂಡು ನಾನೂ ಜೊತೆಗಿದ್ದೆ. ಬಸ್ಸು ಬಂತು. ಹತ್ತಲಿಲ್ಲ."

ಚಿಕ್ಕಮ್ಮ ಒಂದು ಕಲ್ಲು ಹೆಕ್ಕಿ ಹುಲ್ಲು ಬೆಳೆದ ಹಳಿಗಳ ಮೇಲೆ ಎಸೆದಳು. "ಮೊಂಡಿ," ಎಂದಳು. "ಹುಟ್ಟಾ ಮೊಂಡಿ."

ನಿಲ್ದಾಣ ದಾಟಿದ ಮೇಲೆ ಗುಡ್ಡಕ್ಕೆ ಬಲಗಡೆ ಹೋಗಬೇಕು. ಗಾಡಿಯಕ್ಕ ಎಡಕ್ಕೆ ತಿರುಗಿಸಿದಳು.

"ಏಯ್! ತಿರುಗಿಸೇ ಗಾಡೀನ! ಇಳೀತೀನಿ ನಾನು!" ಎಂದು ಹಿಂದಿನ ಬೆಂಚು ಕೂಗಿತು. ಇಂಜಿನ್ನಿನ ಸದ್ದಿನಲ್ಲಿ ಗಾಡಿಯಕ್ಕನಿಗೆ ಏನೂ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ನಡೆಯುವವರೂ ಹಿಂದೆ ಹಾಕುವಷ್ಟು ನಿಧಾನವಾಗಿ ಹೋಗುತ್ತಿತ್ತು ಗಾಡಿ. ಆದರೂ ಚಿಕ್ಕಮ್ಮ ಇಳಿಯಲಿಲ್ಲ.

ಅಮ್ಮ ಅಂಗಳದ ಚಪ್ಪರದಡಿ ಕಿತ್ತಳೆ ರಾಶಿಯ ಹಿಂದೆ ಕೂತು ದೊಡ್ಡದು, ಸಣ್ಣದು ಬೇರೆ ಮಾಡುತ್ತಿದ್ದಳು. "ಇದೇನೇ ಇದು, ಊರಿಗೂರನ್ನೇ ಮನೆಗೆ ಕರ್ಕೊಂಡು ಬಂದಿದೀಯಾ?"

"ನೋಡೋ ಜಾಗ ತೋರಿಸ್ತಿದೀನಮ್ಮ."

ಅಮ್ಮನ ಕಣ್ಣು ಬೆಂಚಿನಿಂದ ಬೆಂಚಿಗೆ ಹರಿದು, ಕೊನೆಯದರ ಮೇಲೆ ನಿಂತಿತು. ಚಿಕ್ಕಮ್ಮ ಇಳಿದಳಾದರೂ ಟ್ರೇಲರಿನ ಸರಪಳಿ ಹಿಡಿದು ಅಲ್ಲೇ ನಿಂತಳು.

"ಬಿಸಿಲಲ್ಲಿ ಯಾಕೆ ನಿಂತಿದೀಯ," ಎಂದಳು ಅಮ್ಮ, ತಂಗಿಗಲ್ಲ, ಕೈಯಲ್ಲಿದ್ದ ಹಣ್ಣಿಗೆ ಹೇಳುವಂತೆ. "ಬಾ ಈಚೆ."

"ಹೇಗೆ ಬರಲಿ ಅಕ್ಕಾ?"

"ಕಾಲಿವೆಯಲ್ಲ."

ಚಿಕ್ಕಮ್ಮ ತಲೆಯ ವಸ್ತ್ರ ಬಿಚ್ಚುತ್ತಾ ಬಂದಳು. ರಾಶಿಯ ಹಿಂದೆ, ಅಕ್ಕನ ಬದಿಯಲ್ಲಿ ಬೋರಲು ಹಾಕಿದ್ದ ಪೆಟ್ಟಿಗೆಯ ಮೇಲೆ ಕೂತಳು. ಒಂದು ಹಣ್ಣು ತೆಗೆದು ಪಕ್ಕದ ಬುಟ್ಟಿಗೆ ಹಾಕಿದಳು. ಅಮ್ಮ ಕೈ ಚಾಚಿ ಅದನ್ನು ಎತ್ತಿ ಇನ್ನೊಂದು ಬುಟ್ಟಿಗೆ ಹಾಕಿದಳು.

"ಅದು ಸಣ್ಣದು."

"ನನಗೀಗ ಕಣ್ಣು ಮಂಜು."

"ನನಗೇನು ಭಾರಿ ಕಾಣತ್ತಾ?"

ಕ್ಯಾಮೆರಾ ಹಿಡಿದಿದ್ದವನೊಬ್ಬ ಗಾಡಿಯಕ್ಕನ ಬಳಿ ಬಂದು, "ಇದೂ ಟಿಕೆಟ್‌ನಲ್ಲಿ ಸೇರಿದೆಯಾ?" ಎಂದು ಮೆಲ್ಲಗೆ ಕೇಳಿದ. ಅವಳು ಅವನ ತೋಳು ಹಿಡಿದು ನೆರಳಿಗೆ ಎಳೆದುಕೊಂಡಳು.

ಹಣ್ಣುಗಳು ಒಂದೊಂದಾಗಿ ಬುಟ್ಟಿ ಸೇರುತ್ತಿದ್ದವು. ಮೊದಲು ರಾಶಿಯ ಮೇಲೆ ಎರಡು ನರೆತ ತಲೆಗಳಷ್ಟೇ ಕಾಣುತ್ತಿದ್ದವು. ಆಮೇಲೆ ಹೆಗಲು ಕಂಡವು, ಆಮೇಲೆ ಕೈಗಳು.