ಪಶುವೈದ್ಯೆಯ ‘ಉಂ’

ಫ್ರಿಜ್ಜಿನ ಬಾಗಿಲ ಮೇಲೆ ಮಗಳು ಬರೆಯುತ್ತಿದ್ದ ಅಂಕಿ ಆ ಭಾನುವಾರ ಬೆಳಿಗ್ಗೆ ಅರವತ್ತೊಂದಕ್ಕೆ ಇಳಿದಿತ್ತು. ಎದ್ದು ಹಲ್ಲುಜ್ಜುವ ಮೊದಲೇ ಹಳೇ ಅಂಕಿ ಒರೆಸಿ ಹೊಸದು ಬರೆಯುವುದು ಅವಳ ದಿನದ ಮೊದಲ ಕೆಲಸ. ಇನ್ನು ಅರವತ್ತೊಂದು ದಿನಕ್ಕೆ ಡೈನೋಸಾರ್ ಚಿತ್ರದ ನಾಲ್ಕನೇ ಭಾಗ ಬರುತ್ತದೆ. ಒಂಬತ್ತು ವರ್ಷ ಕಾದವಳಿಗೆ ಎರಡು ತಿಂಗಳು ಯಾವ ಮಹಾ ಎಂದು ತಾಯಿ ರೇಗಿಸಿದರೆ, “ಕೊನೇ ಎರಡು ತಿಂಗಳೇ ಅಮ್ಮ ಪ್ರಾಣ ತಿನ್ನೋದು” ಎನ್ನುತ್ತಿದ್ದಳು.

ತಾಯಿಯೂ ಕಾಯುತ್ತಿದ್ದಳು, ಆದರೆ ಅವಳು ಕಾಯುತ್ತಿದ್ದುದು ಫೋನಿಗೆ. ಅವಳ ಕಸುಬು ಡಬ್ಬಿಂಗ್. ಹಿಂದಿನ ಮೂರು ಭಾಗಗಳಲ್ಲೂ ಪರದೆ ಮೇಲಿನ ಪಶುವೈದ್ಯೆ ನಮ್ಮ ಭಾಷೆ ಮಾತಾಡಿದ್ದು ಇವಳ ಗಂಟಲಿನಿಂದ. ಮೂರನೆಯ ಭಾಗದ ಕೊನೆಗೆ ಆ ಪಶುವೈದ್ಯೆ ಮೊಂಡುಬಾಲದ ಜೊತೆಗೇ ಹೊಳೆಗೆ ಬಿದ್ದಳು. ಮೊಂಡುಬಾಲ ಎಂದರೆ ಅರ್ಧ ಬಾಲ ಕಳೆದುಕೊಂಡ ಆ ಹೆಣ್ಣು ಡೈನೋಸಾರ್. ಅಭಿಮಾನಿಗಳು ಅದನ್ನು ತಲೆ ಮೇಲೆ ಕೂರಿಸಿಕೊಂಡಿದ್ದರು. ಪಶುವೈದ್ಯೆಯ ಹೆಣ ತೋರಿಸಿಲ್ಲ ಎಂದ ಮೇಲೆ ಅವಳು ಸತ್ತಿಲ್ಲ ಎಂದು ಒಂಬತ್ತು ವರ್ಷ ವಾದ ಮಾಡಿದ ಜನ ಅವರು. ಪಶುವೈದ್ಯೆ ಮರಳಿ ಬರುತ್ತಾಳೆಂಬ ಸುದ್ದಿ ಹೊರಬಿದ್ದ ದಿನದಿಂದ ತಾಯಿ ತಣ್ಣೀರು ಕುಡಿಯುವುದು ಬಿಟ್ಟಳು, ಬೆಳಿಗ್ಗೆ ಸಂಜೆ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದಳು. ಸ್ಟುಡಿಯೋದಿಂದ ಫೋನ್ ಮಾತ್ರ ಬರಲಿಲ್ಲ. ಕೊನೆಗೆ ತಾನೇ ಮಾಡಿದಳು.

“ಈ ಸಲ ಅವಳಿಗೆ ಮಾತೇ ಇಲ್ವಂತೆ ತಂಗಿ. ಸುಮ್ಮನೆ ಬಂದು ಹೋಗ್ತಾಳಂತೆ” ಎಂದಿದ್ದ ಕಿವಿಯಣ್ಣ.

ಕಿವಿಯಣ್ಣ ಸ್ಟುಡಿಯೋದ ಸೌಂಡ್ ಎಂಜಿನಿಯರು. ಪಕ್ಕದ ಕೋಣೆಯಲ್ಲಿ ಗುಂಡುಸೂಜಿ ಬಿದ್ದರೂ ಯಾವ ಲೋಹದ್ದೆಂದು ಹೇಳಬಲ್ಲವನೆಂದು ಅವನಿಗೆ ಆ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ ಇವಳಿಗೆ ಮೈಕಿನ ಮುಂದೆ ನಿಲ್ಲುವುದನ್ನು ಕಲಿಸಿದವನೂ ಅವನೇ. “ತುಟಿ ನೋಡಬೇಡ, ತುಟಿ ನೋಡಿದೋರು ಯಾವತ್ತೂ ತಡ. ಪರದೆ ಮೇಲಿನೋಳ ಹೆಗಲು ನೋಡು. ಹೆಗಲು ಎದ್ದಾಗ ನೀನು ಉಸಿರು ತಗೋ” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಅಂಥವನ ಮಾತನ್ನು ಇವಳು ಕಣ್ಣು ಮುಚ್ಚಿ ನಂಬಿದಳು.

ಆ ಭಾನುವಾರ ಹನ್ನೊಂದು ಗಂಟೆಗೆ ಅಭಿಮಾನಿ ಸಂಘದವರಿಗೆಂದೇ ಟ್ರೇಲರ್ ತೋರಿಸುವುದಿತ್ತು. ಬರಲೊಲ್ಲೆ ಎಂದರೂ ಮಗಳು ಬಿಡಲಿಲ್ಲ. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಮುಂಗೈ ಮೇಲೆ ಮೊಂಡುಬಾಲದ ಹಚ್ಚೆ ಹಾಕಿಸಿಕೊಂಡು ಅದೇ ಕೈಯಿಂದ ಜನರ ಹಲ್ಲು ಕೀಳುವವರು. ಅವರು “ದನಿಯಕ್ಕ ಬಂದ್ರು, ಜಾಗ ಬಿಡಿ” ಎಂದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸುತ್ತ ಮುನ್ನೂರು ಜನ ಉಸಿರು ಬಿಗಿಹಿಡಿದು ಕೂತಿದ್ದರು. ದೀಪ ಆರಿತು. ಕೆಸರು, ಮುರಿದ ಬೇಲಿ, ಒಂದು ಅರ್ಧ ಬಾಲ. ಆಮೇಲೆ ತಲೆ ನೆರೆತ ಹೆಂಗಸೊಬ್ಬಳು ಇತ್ತ ತಿರುಗಿದಳು.

“ಉಂ... ಓಡಬೇಡ. ಉಂ... ಅದಕ್ಕೆ ಹಸಿವಾಗಿಲ್ಲ. ಉಂ... ಸಿಟ್ಟು ಬಂದಿದೆ.”

ಆ ಮಾತು ಅವಳ ದನಿಯಲ್ಲಿತ್ತು. ಆ ಮಾತನ್ನು ಅವಳು ಜನ್ಮದಲ್ಲಿ ಆಡಿರಲಿಲ್ಲ.

ಚಿತ್ರಮಂದಿರ ಹುಚ್ಚೆದ್ದು ಕುಣಿಯಿತು. ಹಲ್ಲಿನ ಡಾಕ್ಟರು ಅಳುತ್ತಿದ್ದರು. ಮಗಳು ತಬ್ಬಿಕೊಂಡು, “ಕಳ್ಳಿ, ನನಗೂ ಹೇಳದೆ ಯಾವಾಗ ಹೋಗಿ ಮಾತಾಡಿ ಬಂದೆ?” ಎಂದಳು. ಜನ ಬಂದು ಕೈ ಕುಲುಕಿದರು. ದನಿಗೆ ಒಂದು ಚೂರೂ ವಯಸ್ಸಾಗಿಲ್ಲ ಅಕ್ಕ ಎಂದರು. ಅಷ್ಟು ಜನರ ಸಂತೋಷದ ನಡುವೆ ಕೂತು, ನನ್ನ ಮನೆಗೆ ಕನ್ನ ಬಿದ್ದಿದೆ ಎಂದು ಹೇಗೆ ಹೇಳುವುದು? ಅವಳು ನಕ್ಕಳು. ಹಾಗೆ ನಕ್ಕಿದ್ದಕ್ಕೆ ಮುಂದೆ ಎಷ್ಟೋ ದಿನ ತನ್ನ ಮೇಲೆ ತನಗೇ ಅಸಹ್ಯಪಟ್ಟುಕೊಂಡಳು.

ಒಂದು ವಾರದಲ್ಲಿ ಆ ‘ಉಂ’ ಊರೆಲ್ಲ ಹಬ್ಬಿತು. ಮೂಲ ಭಾಷೆಯ ಟ್ರೇಲರಿನಲ್ಲಿ ಅದಿರಲಿಲ್ಲ, ನಮ್ಮ ಭಾಷೆಯದರಲ್ಲಿ ಮಾತ್ರ ಇತ್ತು. ಅಭಿಮಾನಿಗಳಿಗೆ ಇನ್ನೇನು ಬೇಕು? ಹೊಳೆಗೆ ಬಿದ್ದಾಗ ಪಕ್ಕೆಲುಬು ಮುರಿದಿದೆ ಎಂದು ಒಂದು ಬಣ, ಶ್ವಾಸಕೋಶಕ್ಕೆ ನೀರು ಹೋಗಿದೆ ಎಂದು ಇನ್ನೊಂದು ಬಣ, ರಾತ್ರಿ ಹಗಲೆನ್ನದೆ ಕಿತ್ತಾಡಿದವು. ಪಕ್ಕೆಲುಬಿನ ಬಣಕ್ಕೆ ಮಗಳೇ ಮುಂದಾಳು. ಹನ್ನೆರಡು ನಿಮಿಷದ ವಿಡಿಯೋ ಮಾಡಿದಳು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ತಾಯಿಯನ್ನು ಕೂರಿಸಿ, ಅದೊಂದೇ ಸದ್ದನ್ನು ಕತ್ತರಿಸಿ ಅಂಟಿಸಿ ಇಪ್ಪತ್ತು ಸಲ ಕೇಳಿಸಿದಳು. ಉಂ. ಉಂ. ಉಂ.

ಹತ್ತನೆಯದೋ ಹನ್ನೊಂದನೆಯದೋ ‘ಉಂ’ಗೆ ತಾಯಿಯ ಎಡಗೈ ತಾನಾಗಿ ಹೊಟ್ಟೆಯ ಕೆಳಗೆ ಹೋಯಿತು. ಹೋದ ಕೈಯನ್ನು ಅವಳು ನೋಡಿದಳು. ಆಗ ಗೊತ್ತಾಯಿತು. ಗೊತ್ತಾದ ಕೂಡಲೇ ಸಿಟ್ಟು ನೆತ್ತಿಗೇರಿತು. ತಟ್ಟೆಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿ ಹೊರಟಳು.

ಸ್ಟುಡಿಯೋದಲ್ಲಿ ಕಿವಿಯಣ್ಣ ಎರಡು ಪರದೆಗಳ ಮುಂದೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಅವಳೇ ಅದನ್ನು ಅವನ ಕಿವಿಯಿಂದ ಎತ್ತಿ ಮೇಜಿನ ಮೇಲಿಟ್ಟಳು.

“ಎರಡನೇ ಭಾಗದ ಟೇಪು ಕೊಟ್ರಿ ಅಲ್ವಾ?”

ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಬೈಯುವುದು ಸಲೀಸಾಗುತ್ತಿತ್ತು. “ನಿನ್ನ ದನೀಲಿ ಮಾತಾಡೋದನ್ನ ಯಂತ್ರಕ್ಕೆ ಕಲಿಸೋಕೆ ಒಬ್ಬರದೇ ದನಿ ಇರೋ ಟೇಪು ಬೇಕಂದ್ರು ತಂಗಿ. ಮಿಕ್ಕಿದ್ರಲ್ಲಿ ನೀವೆಲ್ಲ ಒಂದೇ ಮೈಕಿಗೆ ಮಾತಾಡಿದ್ದೀರಿ. ಅದೊಂದರಲ್ಲಿ ಮಾತ್ರ ನಿನ್ನನ್ನ ಬೇರೆ ಕೋಣೇಲಿ ಕೂರಿಸಿದ್ವಿ.”

“ಯಾಕೆ ಕೂರಿಸಿದ್ರಿ?”

ಅವನು ಪರದೆಯ ಕಡೆ ತಿರುಗಿದ.

“ನಾನು ಹೇಳ್ತೀನಿ. ನನಗೆ ಏಳು ತಿಂಗಳಾಗಿತ್ತು. ನಿಲ್ಲೋಕಾಗ್ತಿರಲಿಲ್ಲ. ನಾನು ಮಾತು ಮುಗಿಸಿ ಉಸಿರು ಎಳ್ಕೊಂಡ್ರೆ ಸಾಕು, ಹೊಟ್ಟೆ ಒಳಗಿಂದ ಮಗಳು ಒದೀತಿದ್ದಳು. ಪ್ರತಿ ಸಲ ‘ಉಂ’ ಅಂತಿದ್ದೆ. ನೀವು ಇಲ್ಲೇ ಕೂತು, ಒಂದೊಂದಾಗಿ ಎಲ್ಲಾನೂ ಕತ್ತರಿಸಿ ಹಾಕಿದ್ರಿ. ನೆನಪಿದೆಯಾ?”

ಕಿವಿಯಣ್ಣನ ಮುಖ ಬಿಳಿಚಿಕೊಂಡಿತು. ಚಿತ್ರದಿಂದ ಕತ್ತರಿಸಿದ್ದ, ನಿಜ. ಅಟ್ಟದ ಮೇಲಿನ ಮೂಲ ಟೇಪಿನಲ್ಲಿ ಅವೆಲ್ಲ ಹಾಗೇ ಉಳಿದಿದ್ದವು. ಯಂತ್ರಕ್ಕೇನು ಗೊತ್ತು, ಈ ಹೆಂಗಸು ಮಾತಾಡುವುದೇ ಹೀಗೆ ಎಂದು ಕಲಿತುಬಿಟ್ಟಿತ್ತು. ಗುಂಡುಸೂಜಿಯ ಸದ್ದು ಹಿಡಿಯುವವನಿಗೆ ಇದು ಕೇಳಿಸಿರಲಿಲ್ಲ.

“ಮೊದಲನೇ ಚಿತ್ರದ ಕಾಗದದಲ್ಲಿ ನಿನ್ನ ಸೈನ್ ಇದೆ. ದನಿ ಎಲ್ಲಿ ಬೇಕಾದ್ರೂ ಬಳಸಬಹುದು ಅಂತ. ಮೇಲಿನವರು ಕೇಳಿದ್ರು, ಕೊಟ್ಟೆ” ಎಂದ ಮೆಲ್ಲಗೆ.

“ನನ್ನನ್ನೇ ಕರೀಬೇಕಿತ್ತು. ಮೂರು ದಿನದಲ್ಲಿ ಮುಗಿಸಿಕೊಡ್ತಿದ್ದೆ. ಈಗಲೂ ಕರೀರಿ.”

“ಅವರಿಗೆ ನಿನ್ನ ಈಗಿನ ದನಿ ಬೇಡ ತಂಗಿ. ಜನಕ್ಕೆ ಹಳೇದೇ ಇಷ್ಟ ಅಂತಾರೆ.”

“ಪರದೆ ಮೇಲೆ ಅವಳ ತಲೆ ನೆರೆತಿದೆ ಅಣ್ಣ. ಅವಳಿಗೆ ವಯಸ್ಸಾಗಬಹುದು, ಮುಖ ಸುಕ್ಕಾಗಬಹುದು, ಅದನ್ನ ಜನ ಕಾಸು ಕೊಟ್ಟು ನೋಡ್ತಾರೆ. ನನ್ನ ಗಂಟಲಿಗೆ ಮಾತ್ರ ವಯಸ್ಸಾಗಬಾರದು ಅಲ್ವಾ?” ಅವಳ ದನಿ ಏರಲಿಲ್ಲ, ಅದಕ್ಕೇ ಕೇಳಲು ಭಯವಾಗುವಂತಿತ್ತು. “ಮಾತಿಲ್ಲ ಅಂತ ಫೋನಲ್ಲಿ ನನಗೇ ಹೇಳಿದ್ರಲ್ಲ. ಅದನ್ನೂ ಮೇಲಿನವರೇ ಹೇಳಿಸಿದ್ರಾ?”

ಉತ್ತರಕ್ಕೆ ಕಾಯದೆ ಅವಳು ಹೊರಬಿದ್ದಳು.

ಮನೆಗೆ ಬಂದಾಗ ಮಗಳು ಅದೇ ಮೇಜಿನ ಮುಂದೆ ಇದ್ದಳು. ವಿಡಿಯೋವನ್ನು ನಲವತ್ತು ಸಾವಿರ ಜನ ನೋಡಿಯಾಗಿದೆ ಎಂದು ಹೇಳಹೊರಟವಳು ತಾಯಿಯ ಮುಖ ಕಂಡು ನಿಲ್ಲಿಸಿದಳು.

“ಅದು ಪಕ್ಕೆಲುಬಲ್ಲ. ಅದು ನಿನ್ನ ಹಿಮ್ಮಡಿ” ಎಂದಳು ತಾಯಿ.

ಎಲ್ಲ ಹೇಳಿದಳು. ಮಗಳು ಮೊದಲು ನಕ್ಕಳು, ಆಮೇಲೆ ನಗು ನಿಂತಿತು. “ಅಂದ್ರೆ ಟ್ರೇಲರಿಗೆ ನೀನು ಮಾತಾಡೇ ಇರಲಿಲ್ಲ? ಮುನ್ನೂರು ಜನ ಚಪ್ಪಾಳೆ ಹೊಡೀತಿದ್ರೆ, ನಾನು ತಬ್ಕೊಂಡು ಕುಣೀತಿದ್ರೆ, ನೀನು ಅದನ್ನೆಲ್ಲ ನುಂಗ್ಕೊಂಡು ಕೂತಿದ್ದೆಯಾ?” ತಾಯಿ ತಲೆಯಾಡಿಸಿದಳು. ಮಗಳು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಅಂಕಿ ಬದಲಾಗಲಿಲ್ಲ. ಐವತ್ತಮೂರಕ್ಕೆ ನಿಂತಿದ್ದು ಹಾಗೇ ನಿಂತಿತು.

ಎರಡು ದಿನ ಬಿಟ್ಟು ಮಗಳು ಹೊಸ ವಿಡಿಯೋ ಹಾಕಿದಳು. ಈ ಸಲ ಒಂದೇ ನಿಮಿಷದ್ದು. ಟ್ರೇಲರಿನ ಮೂರೂ ‘ಉಂ’ಗಳನ್ನು ಕೇಳಿಸಿ, ಕ್ಯಾಮೆರಾ ನೋಡಿ, “ಇದು ನಾನು. ನಮ್ಮಮ್ಮನ ಹೊಟ್ಟೇಲಿದ್ದಾಗ. ನಮ್ಮಿಬ್ಬರನ್ನೂ ಯಾರೂ ಕೇಳಲಿಲ್ಲ” ಎಂದಳು. ಬಣಗಳೆರಡೂ ಬಾಯಿ ಮುಚ್ಚಿದವು. ಹಲ್ಲಿನ ಡಾಕ್ಟರು ಮನೆಗೇ ಬಂದು, ತಾನು ಕಣ್ಣೀರು ಹಾಕಿದ್ದು ಯಂತ್ರಕ್ಕಾ ಎಂದು ಕೇಳಿ, ಕೂರದೆ, ಕಾಫಿ ಕುಡಿಯದೆ, ಕೆಂಡದಂಥ ಮುಖ ಹೊತ್ತು ಹೋದರು. ಸಂಘದಿಂದ ಕಂಪನಿಗೆ ಪತ್ರ ಹೋಯಿತು. ದನಿಯಕ್ಕನಿಂದಲೇ ಮಾತಾಡಿಸಿ ಎಂದು ಸಾವಿರಾರು ಜನ ಬರೆದರು. ತಾಯಿ ಮತ್ತೆ ಉಪ್ಪುನೀರು ಮುಕ್ಕಳಿಸತೊಡಗಿದಳು. ಆಸೆ ಎಂಬುದಕ್ಕೆ ಮಾನ ಮರ್ಯಾದೆ ಇಲ್ಲ.

ಮೂರು ವಾರದ ಮೇಲೆ ಕಿವಿಯಣ್ಣನ ಫೋನು ಬಂತು. ತಾಯಿ ಸ್ಪೀಕರ್ ಹಾಕಿದಳು.

“ತಂಗಿ, ಮೇಲಿನವರು ಥ್ಯಾಂಕ್ಸ್ ಹೇಳಿದ್ದಾರೆ” ಎಂದ.

“ಯಾತಕ್ಕೆ?”

“ದೋಷ ತೋರಿಸಿಕೊಟ್ಟಿದ್ದಕ್ಕೆ. ಚಿತ್ರದಲ್ಲಿ ಆ ಸದ್ದು ಇರಲ್ವಂತೆ. ಎಲ್ಲ ಕ್ಲೀನ್ ಮಾಡಿದ್ದಾರಂತೆ.” ಆಮೇಲೆ ದನಿ ತಗ್ಗಿಸಿ, “ನನ್ನ ಕೈಲೇ ಮಾಡಿಸಿದ್ರು” ಎಂದ.

ಅವಳು ಫೋನಿಟ್ಟಳು. ಗಾಯಕ್ಕೆ ಉಪ್ಪು ಸವರಿದರೆ ಚೀರಬಹುದು. ಇಂಥ ಮರ್ಯಾದೆಯ ಮಾತಿಗೆ ಏನು ಮಾಡುವುದು? ಕಳ್ಳರಿಗೆ ಬೀಗ ಸಡಿಲವಿದೆ ಎಂದು ತಾನೇ ಹೇಳಿಕೊಟ್ಟಂತಾಗಿತ್ತು. ಮೈಯೆಲ್ಲ ಉರಿಯುತ್ತಿತ್ತು. ಮಗಳು ಎದ್ದು ಫ್ರಿಜ್ಜಿನ ಬಳಿ ಹೋಗಿ ಐವತ್ತಮೂರನ್ನು ಅಂಗೈಯಿಂದ ಉಜ್ಜಿ ಅಳಿಸಿ, ಪೆನ್ನಿನ ಮೂತಿ ಚಪ್ಪಟೆಯಾಗುವಷ್ಟು ಒತ್ತಿ ಮೂವತ್ತು ಎಂದು ಬರೆದಳು.

“ಅಮ್ಮ, ಅದು ಸರಿಯಾಗಿ ಎಲ್ಲೆಲ್ಲಿ ಬರ್ತಿತ್ತು?”

“ಯಾವುದು?”

“ನಾನು.”

“ಒಂದು ಮಾತು ಮುಗಿದು ಇನ್ನೊಂದು ಶುರುವಾಗೋ ಮುಂಚೆ. ಪ್ರತಿ ಸಲ.”

ಬಿಡುಗಡೆಯ ದಿನ ಬೆಳಿಗ್ಗೆ ಹತ್ತರ ಮೊದಲ ಆಟಕ್ಕೆ ಸಂಘದವರೇ ಇಡೀ ಚಿತ್ರಮಂದಿರ ಹಿಡಿದಿದ್ದರು. ತಾಯಿ ಖಡಾಖಂಡಿತವಾಗಿ ಒಳಗೆ ಬರುವುದಿಲ್ಲ ಎಂದಳು. ಆ ಕಳ್ಳಮಾಲಿಗೆ ತಾನು ಕಿವಿ ಕೊಡುವುದಿಲ್ಲ. ಮಗಳ ಮೇಲೂ ಕೋಪವಿತ್ತು. ಇಷ್ಟೆಲ್ಲ ಆದಮೇಲೂ ಆ ಹಾಳು ಚಿತ್ರ ನೋಡಲೇಬೇಕಾ ಎಂದು ಕೇಳಿಯೂ ಕೇಳಿದ್ದಳು. “ನೋಡಬೇಕು. ನೀನು ಹೊರಗಾದ್ರೂ ಕೂತಿರು” ಎಂದಿದ್ದಳು ಮಗಳು. ಹಾಗಾಗಿ ಅವಳು ಬಾಗಿಲ ಹೊರಗಿನ ಸೋಫಾದ ಮೇಲೆ ಕೈಕಟ್ಟಿ ಕೂತಳು.

ಒಳಗೆ ಗರ್ಜನೆ, ಮರ ಮುರಿಯುವ ಸದ್ದು. ನಲವತ್ತು ನಿಮಿಷವಾದರೂ ಪಶುವೈದ್ಯೆಯ ಸುಳಿವಿಲ್ಲ. ಆಮೇಲೆ ಒಳಗೆ ಎಲ್ಲ ಸ್ತಬ್ಧವಾಯಿತು. ಈಗ ಬಂದಳು ಎಂದು ತಾಯಿಗೆ ಗೊತ್ತಾಯಿತು.

“ಉಂ” ಎಂದಿತು ಇಡೀ ಚಿತ್ರಮಂದಿರ.

ಅವಳು ಎದ್ದು ನಿಂತಳು. ಒಳಗೆ ತನ್ನದೇ ದನಿ, ತೊಳೆದು ಒರೆಸಿದ ದನಿ, “ಓಡಬೇಡ” ಎಂದಿತು. ಅದರ ಹಿಂದೆಯೇ ಮುನ್ನೂರು ಗಂಟಲು ಮತ್ತೆ “ಉಂ” ಎಂದವು. ಹೆಂಗಸರು, ಗಂಡಸರು, ನಡುವೆ ಹಲ್ಲಿನ ಡಾಕ್ಟರ ಗಡಸು ದನಿ. ಯಾರೂ ನಗುತ್ತಿರಲಿಲ್ಲ. “ಅದಕ್ಕೆ ಹಸಿವಾಗಿಲ್ಲ” ಎಂಬ ಮಾತು ಆ ಸದ್ದಿನಲ್ಲಿ ಅರ್ಧ ಮುಳುಗಿಹೋಯಿತು.

ಅವಳು ಬಾಗಿಲು ತಳ್ಳಿ ಒಳಗೆ ಹೋದಳು. ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ, ಆದರೆ ಅದನ್ನು ಒಬ್ಬಳೇ ಹೊರುವುದು ತಪ್ಪಿತ್ತು. ಸಾಲುಗಳ ನಡುವಿನ ಮೆಟ್ಟಿಲ ಮೇಲೆ ಕೂತಳು. ಪಕ್ಕದ ಸೀಟಿನಿಂದ ಮಗಳ ಕೈ ಬಂದು ಅವಳ ಭುಜ ಹಿಡಿಯಿತು. ಜನ ಡಬ್ಬಿಂಗಿನವರಲ್ಲ, ತುಟಿ ನೋಡಿಕೊಂಡು ‘ಉಂ’ ಎನ್ನುತ್ತಿದ್ದರು, ಅದಕ್ಕೇ ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗುತ್ತಿತ್ತು.

ಪರದೆಯ ಮೇಲೆ ತಲೆ ನೆರೆತ ಹೆಂಗಸಿನ ಹೆಗಲು ಎದ್ದಿತು. ತಾಯಿ ಎಡಗೈಯನ್ನು ಹೊಟ್ಟೆಯ ಕೆಳಗಿಟ್ಟುಕೊಂಡು, ಸರಿಯಾದ ಹೊತ್ತಿಗೆ, ಎಲ್ಲರಿಗಿಂತ ಮೊದಲು “ಉಂ” ಎಂದಳು.