ಬೆಲ್ಲ ಸುಣ್ಣದ ಬಿರಡೆ

ಫೋಟೋದಲ್ಲಿ ಅಪ್ಪ ನಗುತ್ತಿದ್ದರು. ಸುಖೇಶನಿಗೆ ಮೊದಲು ಗಾಬರಿ ಹುಟ್ಟಿಸಿದ್ದೇ ಅದು. ಹೋಟೆಲಿನ ಗಲ್ಲೆಯ ಮೇಲೆ ಮೂವತ್ತು ವರ್ಷ ಕೂತ ಕಾಂತಪ್ಪನವರು ಗಿರಾಕಿಗಳಿಗಲ್ಲದೆ ಬೇರೆ ಯಾರಿಗೂ ನಕ್ಕವರಲ್ಲ.

ಅವನು ಪುಣೆಯ ಹೊರಗಿನ ಸಾಸವಡದಲ್ಲಿ, ಹೊಲಿಗೆಯ ಶಿವಕಾಂತಾ ಬಾಯಿಯ ಅಂಗಡಿ ಮುಂದೆ ನಿಂತು, ಖಾಲಿ ಮೈದಾ ಚೀಲಗಳನ್ನು ಬಿಚ್ಚಿ ಹೊಲಿಸಿದ ಎಂಟಡಿಯ ಗವಸನ್ನು ಮಡಚುತ್ತಿದ್ದ. ಕೆಲಸಕ್ಕೆ ಹೊರಟ ತಂಗಿ ಶ್ರದ್ಧಾ ಫೋಟೋ ಕಳಿಸಿ, 'ನಿನ್ನ ಪೇಶೆಂಟಿಗೆ ಅಪ್ಪನ ಆಪರೇಷನ್' ಎಂದು ಬರೆದಿದ್ದಳು. ಪುಣೆಯ ಬಿಬವೇವಾಡಿಯ ಅವರ ಕಟ್ಟಡದ ತಾರಸಿ. ತುಪ್ಪದ ಡಬ್ಬಿಗಳಲ್ಲಿ ಹಬ್ಬಿದ ಬಸಳೆ, ಹೋಟೆಲಿನ ತರಕಾರಿ ಸಿಪ್ಪೆ ಕೊಳೆತು ಗೊಬ್ಬರವಾಗುವ ನೀಲಿ ಡ್ರಮ್ಮು, ಎರಡು ಸ್ಟೂಲುಗಳ ಮೇಲೆ ಅಂಗಾತ ಮಲಗಿದ, ಕಡಲ ಅಲೆಯ ಮೇಲೆ ನಿಂತು ಜಾರುವ ಸರ್ಫ್ ಹಲಗೆ. ಹಲಗೆಯ ಹಿಂದೆ ಅಪ್ಪ. ಅವನು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಹಲಗೆಯ ಮೂತಿಯ ಹತ್ತಿರ ಕಡಲೆಕಾಳಿನಷ್ಟು ತೂತು ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಒಂದು ಉಂಡೆ ಕೂತಿತ್ತು.

ಹೊತ್ತು ಹತ್ತೂವರೆ. ಏಪ್ರಿಲ್ ಬಿಸಿಲು ಆಗಲೇ ಸ್ಕೂಟರಿನ ಸೀಟನ್ನು ಕಾವಲಿ ಮಾಡಿತ್ತು.

ಹಲಗೆಯ ಹೊಟ್ಟೆ ಟೊಳ್ಳು. ಯಂತ್ರಗಳನ್ನು ತುಂಬಿಕೊಂಡು ಬರುವ ಪೈನ್ ಮರದ ಪೆಟ್ಟಿಗೆಗಳನ್ನು ಟಿಂಬರ್ ಮಾರ್ಕೆಟ್ಟಿನಿಂದ ತಂದು, ಸೀಳಿ, ಪಕ್ಕೆಲುಬಿನಂತೆ ಪಟ್ಟಿಗಳನ್ನು ಜೋಡಿಸಿ, ಮೇಲೆ ತೆಳುವಾದ ಮರದ ಹಾಳೆಗಳನ್ನು ಅಂಟಿಸಿ ಐದು ತಿಂಗಳು ಉಜ್ಜಿದ್ದ. ಒಳಗಿನ ಗಾಳಿ ಬಿಸಿಲಿಗೆ ಹಿಗ್ಗಿದರೆ ಹೊರಗೆ ಹೋಗಲಿ ಎಂದೇ ಆ ತೂತು. ಹಿತ್ತಾಳೆಯ ತಿರುಪು ಹಾಕಿ ಅದನ್ನು ಮುಚ್ಚುವುದು ಕಡಲಿಗೆ ಇಳಿಯುವಾಗ ಮಾತ್ರ. ಬಿಸಿಲಲ್ಲಿ ಮುಚ್ಚಿಟ್ಟರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಎಣ್ಣೆಯ ಕೊನೆಯ ಲೇಪ ಒಣಗಲೆಂದು ಎಳೆ ಬಿಸಿಲಿಗೆ ಇಟ್ಟು ಬಂದಿದ್ದ. ಒಂಬತ್ತಕ್ಕೆ ವಾಪಸಾಗಿ ನೆರಳಿಗೆ ಸರಿಸುವ ಲೆಕ್ಕ. ಶಿವಕಾಂತಾ ಬಾಯಿಯ ಮೆಷಿನ್ನಿನ ಸೂಜಿ ಎರಡು ಸಲ ಮುರಿದಿತ್ತು.

ನಾಳೆ ಬೆಳಿಗ್ಗೆ ಕೊಂಕಣದ ಕಡಲ ದಂಡೆಯ ಮಾಲವಣದಿಂದ ಸರ್ಫಿಂಗ್ ಶಾಲೆಯ ಜೀಪು ಹಲಗೆ ಒಯ್ಯಲು ಬರುವುದಿತ್ತು. ಅಲ್ಲಿನ ಗುರು ಸ್ವಪ್ನಿಲ್ ಹಲಗೆಯನ್ನು ಅಲೆಗೆ ಹಾಕಿ ನೋಡಿ ಒಪ್ಪಿದರೆ ಶಾಲೆಯಿಂದ ಅಂಥವೇ ಹತ್ತಕ್ಕೆ ಆರ್ಡರು. ಒಪ್ಪದಿದ್ದರೆ ಒಂದನೇ ತಾರೀಖಿನಿಂದ ಸುಖೇಶ ಹೋಟೆಲಿನ ಗಲ್ಲೆಗೆ. ಅಪ್ಪನಿಗೂ ಅವನಿಗೂ ಅಷ್ಟೇ ಮಾತಾಗಿತ್ತು.

ಅಪ್ಪ ಫೋನ್ ಎತ್ತಲಿಲ್ಲ. ಊಟದ ಹೊತ್ತು ಹತ್ತಿರವಾದರೆ ಅವರ ಫೋನು ಗಲ್ಲೆಯ ಡ್ರಾಯರಿನೊಳಗೆ ಒಬ್ಬಂಟಿಯಾಗಿ ಹಾಡಿಕೊಳ್ಳುತ್ತದೆ. ಶ್ರದ್ಧಾ ಬಸ್ಸಿನಲ್ಲಿದ್ದಳು. ವಿಷಯ ತಿಳಿಯದೆ, ಅಪ್ಪನ ಮೂಗಿನ ದನಿಯಲ್ಲಿ ವರದಿ ಒಪ್ಪಿಸಿದಳು. "ಐದು ತಿಂಗಳು ಕೆತ್ತಿದ್ದಾನೆ, ಒಂದು ತೂತು ಮುಚ್ಚಲಿಕ್ಕೆ ನೆನಪಿಲ್ಲ ಮಾರಾಯ್ತಿ. ಒಂದು ಹನಿ ಹೋದರೆ ಮುಗಿಯಿತು ಅಂತ ಅವನೇ ಹೇಳಿದ್ದಲ್ವಾ." ಪಾನ್ ಅಂಗಡಿಯಿಂದ ಸುಣ್ಣ ತರಿಸಿ, ಹೋಟೆಲಿನ ಬೆಲ್ಲ ಸೇರಿಸಿ ಕುಟ್ಟಿ ಮೆತ್ತಿದ್ದರಂತೆ. ಸುಖೇಶ ಫೋನಿಟ್ಟು ಸ್ಕೂಟರ್ ಹತ್ತಿದ.

ಇನ್ನು ಉಳಿದವರು ಒಬ್ಬರೇ. ತಾರಸಿಯ ಕೆಳಗಿನ ಮನೆಯ ಹೊಳಬಸಪ್ಪ, ಸೊಸೈಟಿಯ ಸೆಕ್ರೆಟರಿ. ಬಸಳೆಯ ಬೇರು ತಮ್ಮ ಸ್ಲ್ಯಾಬಿಗೆ ಇಳಿದಿದೆ ಎಂದು ಅವರು ಮೂರು ನೋಟೀಸು ಅಂಟಿಸಿದ್ದರು. 'ಪುಣೆಯಲ್ಲಿ ಕಡಲು ಎಲ್ಲಿದೆ ಎಂದು ಸದರಿ ಸದಸ್ಯರು ತಿಳಿಸತಕ್ಕದ್ದು' ಎಂಬುದು ಮೂರನೆಯದರ ಕೊನೆಯ ಸಾಲು.

ಪುಣೆಗೆ ಇಳಿಯುವ ಘಾಟಿನ ತಲೆಯಲ್ಲಿ ಸ್ಕೂಟರ್ ನಿಲ್ಲಿಸಿ, ಸುಖೇಶ ಅವರಿಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಆ ಕಡೆ ಟೀವಿಯ ಮರಾಠಿ ಸುದ್ದಿಯ ದನಿ ತಗ್ಗಿತು.

"ನಮ್ಮ ಮಾಳಗಿ ಸೋರ್ತದ ಅಂತ ನಾ ಬಾಯಿ ಬಡಕೊಂಡಾಗ ನೀ ಬರ್ಲಿಲ್ಲ," ಎಂದರು ಹೊಳಬಸಪ್ಪ. "ಈಗ ನಿನ್ನ ಹಲಗಿ ಉಸಿರು ಕಟ್ಟೇದಂತ ನಾ ಮ್ಯಾಲ ಓಡಬೇಕೇನು?"

"ಹೌದು ಅಂಕಲ್. ಪ್ಲೀಸ್."

"ನನ್ನ ಮೊಣಕಾಲು ನೋಡೀದೇನು ನೀ?"

ಫೋನು ಕಟ್ಟಾಯಿತು. ಅವರೇ ಇಟ್ಟರೋ, ಘಾಟಿನ ಗುಡ್ಡ ನುಂಗಿತೋ ತಿಳಿಯಲಿಲ್ಲ.

ಬೋಪದೇವ ಘಾಟಿನಲ್ಲಿ ಅವನ ಮುಂದೆ ಈರುಳ್ಳಿ ತುಂಬಿದ ಟೆಂಪೊ ಒಂದು ಬಸುರಿಯಂತೆ ಇಳಿಯುತ್ತಿತ್ತು. ಪ್ರತಿ ತಿರುವಿನಲ್ಲೂ ಅವನಿಗೆ ಹಲಗೆ ಸೀಳುವ ಸದ್ದು ಕೇಳಿಸಿತು. ಒಂದು ಸಲ ಅದು ಟೆಂಪೊದ ಹಲಗೆಯದು, ಇನ್ನೊಂದು ಸಲ ತನ್ನದೇ ಹೆಲ್ಮೆಟ್ಟಿನದು. ಹಲಗೆ ಕೆಟ್ಟರೆ ಅಪ್ಪನಿಗೇ ಲಾಭವಲ್ಲವೇ ಎಂಬ ಯೋಚನೆ ಬಂತು, ಹೋಗಲಿಲ್ಲ. ಅಪ್ಪನ ದನಿ ಅಣಕಿಸುವುದರಲ್ಲಿ ಅವನು ತಂಗಿಗಿಂತ ಒಂದು ಕೈ ಮೇಲೆ. ಬೇಕೆಂದೇ ಮಾಡಿದ್ದಲ್ವಾ, ಗಲ್ಲೆಗೆ ಆಳು ಬೇಕಿತ್ತಲ್ವಾ, ಎಂದು ಅಪ್ಪನದೇ ಮೂಗಿನಲ್ಲಿ ಅಪ್ಪನನ್ನೇ ಬೈಯುತ್ತ ಇಳಿದ. ಘಾಟಿನ ಬುಡದ ಕೊಂಢವಾ ಮುಟ್ಟುವ ಹೊತ್ತಿಗೆ ಬೈಗುಳಗಳೆಲ್ಲ ಹದವಾಗಿ ಸಾಲಾಗಿ ನಿಂತಿದ್ದವು.

ಐದು ಮಹಡಿ ಹತ್ತಿ ತಾರಸಿಯ ಬಾಗಿಲು ತಳ್ಳಿದ. ಹೊಳಬಸಪ್ಪ ಬನಿಯನ್ನಿನಲ್ಲಿ ನಿಂತಿದ್ದರು. ಕೈಯಲ್ಲಿ ಬಿಚ್ಚಿದ ಕೊಡೆ. ಅದರ ನೆರಳು ಪೂರ್ತಿಯಾಗಿ ಹಲಗೆಯ ಮೂತಿಯ ಮೇಲೆ, ಬಿಸಿಲು ಪೂರ್ತಿಯಾಗಿ ಅವರ ಬೋಳು ತಲೆಯ ಮೇಲೆ. ಉಳಿದ ಹಲಗೆಗೆ ಸೊಲ್ಲಾಪುರದ ಚಾದರ ಹೊದಿಸಿದ್ದರು.

"ಉಗುರಿಲೆ ಕೆದರಿದೆ. ಕಲ್ಲಾಗೇದ," ಎಂದರು. "ನೋಡು, ಇದು ಸೋರಂಗಿಲ್ಲ. ನಮ್ಮ ಸ್ಲ್ಯಾಬಿಗೆ ನಿಮ್ಮಪ್ಪನ್ನೇ ಕರೀಬೇಕಿತ್ತು."

ಸುಖೇಶ ಸೂಜಿಮೊನೆಯ ಉಳಿಯಿಂದ ಉಂಡೆಯ ಅಂಚನ್ನು ಸುತ್ತ ಕೊರೆದ. ಉಳಿ ಜಾರಿ ಒಂದು ಗೀರು ಬಿತ್ತು. ಆಮೇಲೆ ಚೂರೊಂದು ಸಿಡಿದು ಬಸಳೆಯ ಬುಡಕ್ಕೆ ಹಾರಿತು. ಹಲಗೆಯೊಳಗಿಂದ ಗಾಳಿ ಸುಯ್ಯೆಂದು ಬಂತು. ತುಂಬ ಹೊತ್ತು ಬಂತು. ಪೈನ್ ಮರದ ವಾಸನೆ, ಅದರ ಜೊತೆ ಕಾದ ಬೆಲ್ಲದ್ದು. ಅವನು ಚಾದರ ಸರಿಸಿ ಬೆಸುಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸುತ್ತ ಹೋದ. ಬಾಲದ ಹತ್ತಿರ ಬೆರಳು ನಿಂತಿತು. ಅಲ್ಲಿ ಗೇಣುದ್ದ ಬಿಟ್ಟುಕೊಂಡಿತ್ತು, ಕೂದಲಿನಷ್ಟು ಸಪೂರ, ಒಳಗಿನವರೆಗೆ ಇನ್ನೂ ಹೋಗಿರಲಿಲ್ಲ.

ಅಷ್ಟರಲ್ಲಿ ಕಾಂತಪ್ಪನವರು ಮಜ್ಜಿಗೆಯ ತಂಬಿಗೆ ಹಿಡಿದು ಬಂದರು. ಡ್ರಾಯರಿನಲ್ಲಿ ಮಗನ ಹನ್ನೊಂದು ಕರೆ ನೋಡಿ, ಅಡಿಗೆ ಭಟ್ಟರನ್ನು ಗಲ್ಲೆಗೆ ಕೂರಿಸಿ ಬಂದಿದ್ದರು. ಎಡಗೈಯ ಬೆರಳುಗಳು ಸುಣ್ಣ ಹಿಡಿದು ಕೆಂಪಾಗಿದ್ದವು.

"ಎಂತ ಆಯ್ತು? ಒಂದು ಹನಿ ಹೋಗುವುದಿಲ್ಲ ಅದರಲ್ಲಿ. ಹದಿನಾಲ್ಕು ವರ್ಷದವ ಇರುವಾಗ ಸೋರುವ ಹಂಡೆಗೆ ನಾನು ಇದನ್ನೇ ಮೆತ್ತಿದ್ದು."

ಹೊಳಬಸಪ್ಪ ಕೊಡೆಯನ್ನು ಮಡಚುವುದರಲ್ಲಿ ಮುಳುಗಿಹೋದರು. ಘಾಟಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡು ಬಂದ ಮಾತುಗಳನ್ನು ಬಿಟ್ಟು ಸುಖೇಶ ಉಳಿಯನ್ನು ಕೆಳಗಿಟ್ಟ. ಅವನು ಅಪ್ಪನ ಆ ಸುಟ್ಟ ಬೆರಳನ್ನು ಹಿಡಿದು ತೂತಿನ ಮೇಲೆ ಇಟ್ಟ. ಗಾಳಿ ಇನ್ನೂ ಸಣ್ಣಗೆ ಬರುತ್ತಿತ್ತು. ಕಾಂತಪ್ಪನವರು ಬೆರಳು ತೆಗೆದರು, ಮತ್ತೆ ಇಟ್ಟರು. ಆಮೇಲೆ ಮಗನ ಕಣ್ಣು ಹೋದ ಕಡೆ ನೋಡಿದರು. ಬಾಲದ ಸೀಳು ಅವರಿಗೂ ಕಂಡಿತು.

"ನನಗೆ ಯಾರು ಹೇಳಿದ್ದು ಇದನ್ನು?"

"ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ."

ಕಾಂತಪ್ಪನವರು ತಂಬಿಗೆಯನ್ನು ಹೊಳಬಸಪ್ಪನವರ ಕೈಗೆ ಕೊಟ್ಟರು. ಅಂಟು ಒಣಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ನೆರಳಲ್ಲಿ ಎಂಟು ಗಂಟೆ, ಮೇಲೆ ಭಾರ ಇರಬೇಕು, ಹಿಡಿದರೂ ಹಿಡಿಯಿತು ಬಿಟ್ಟರೂ ಬಿಟ್ಟಿತು, ಎಂದ ಸುಖೇಶ. ಅಪ್ಪ ಕೆಳಗೆ ಹೋಗಿ, ಹಳೆಯ ರುಬ್ಬುವ ಕಲ್ಲಿನ ಗುಂಡನ್ನು ತೊಟ್ಟಿಲ ಮಗುವಿನಂತೆ ಎದೆಗೊತ್ತಿ, ಮಹಡಿಗೊಮ್ಮೆ ನಿಲ್ಲುತ್ತ ತಂದರು. ಮೂವರೂ ಸೇರಿ ಹಲಗೆಯನ್ನು ಬಸಳೆಯ ಚಪ್ಪರದ ಕೆಳಗೆ ಸರಿಸಿದರು. ಸುಖೇಶ ಸೀಳಿಗೆ ಅಂಟು ಇಳಿಸಿ, ಮೈದಾ ಚೀಲದ ಗವಸನ್ನು ನಾಲ್ಕು ಮಡಿಕೆ ಮಾಡಿ ಹಾಸಿದ. ಅದರ ಮೇಲೆ ಗುಂಡು ಕೂತಿತು.

ಹೊಳಬಸಪ್ಪ ಮೊಣಕಾಲು ಹಿಡಿದುಕೊಂಡು ಇಳಿದುಹೋದರು. ಸುಖೇಶ ಭಾರದ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಬೆಲ್ಲದ ಪುಡಿ ಬಿದ್ದ ದಾರಿ ಹಿಡಿದು, ಆಗಲೇ ಇರುವೆಗಳ ಒಂದು ಸಾಲು ಸ್ಟೂಲಿನ ಕಾಲು ಹತ್ತಿ ಹಲಗೆಯ ಮೂತಿಯತ್ತ ಬರುತ್ತಿತ್ತು. ಕಾಂತಪ್ಪನವರು ಒರೆಸಲು ಹೆಗಲ ಟವೆಲ್ಲನ್ನು ಎತ್ತಿದವರು ಹಾಗೇ ನಿಂತರು. ಮೂತಿಯ ಮೇಲಿನ ಎಣ್ಣೆ ಇನ್ನೂ ಹಸಿಯಾಗಿತ್ತು, ಒರೆಸಿದರೆ ಗುರುತು ಬೀಳುತ್ತಿತ್ತು. ಅವರು ಸೊಂಟ ಹಿಡಿದುಕೊಂಡು ಬಗ್ಗಿ, ತೂತಿನ ಬಾಯಿಗೆ ಬಂದ ಮೊದಲ ಇರುವೆಯನ್ನು ಉಫ್ ಎಂದು ಊದಿದರು. ಆಮೇಲೆ ಎರಡನೆಯದನ್ನು.