ವಫೂಲಾನ ಹಳದಿ ಅಂಗಿ

ಅಪೊಲೊನಿಯಾಳ ಕೈಚೀಲದಲ್ಲಿ ಎರಡು ವಾರದಿಂದ ಒಂದು ಹಳದಿ ಅಂಗಿ ಇತ್ತು. ಅದು ಅವಳ ಮಗಳದ್ದಲ್ಲ. ಮಗಳು ಊರಲ್ಲಿ, ಶಿರ್ವದಲ್ಲಿ, ಅಜ್ಜಿಯ ಜೊತೆ ಇದ್ದಳು. ಗಲ್ಫಿಗೆ ಬಂದವರ ಮಕ್ಕಳು ಅಜ್ಜಿಯಂದಿರ ಕೈಯಲ್ಲಿ ಬೆಳೆಯುವುದು ಹೊಸ ಸಂಗತಿಯೇನಲ್ಲ.

ಅಂಗಿ ಕೀನ್ಯಾದ ಹಳ್ಳಿಯೊಂದರ ವಫೂಲಾ ಎಂಬ ಹುಡುಗನದ್ದು. ಅಬುಧಾಬಿಯ ಖಾಲಿದಿಯಾದಲ್ಲಿ, ಒಂದು ವಿಲ್ಲಾದ ಹಾಲ್‌ನಲ್ಲಿ, ಪ್ರತಿ ಶುಕ್ರವಾರ ಸೇರುವ ಪ್ರಾರ್ಥನಾ ಬಳಗ ಆ ವರ್ಷ ಆಫ್ರಿಕಾಕ್ಕೆ ಸೇವೆಗೆಂದು ಹೊರಟಿತ್ತು. ಬಳಗದ ಮುಖಂಡರು ಗ್ರೆಗರಿ ಎಂಬ ಬಿಳಿಯ ಸಾಹೇಬರು. ಅಪೊಲೊನಿಯಾಳ ಗಂಡ ವ್ಯಾಲೆಂಟೈನನಿಗೆ ಆಫೀಸಿನಲ್ಲೂ ಅವರೇ ಮ್ಯಾನೇಜರ್. ಅಡುಗೆಗೆ ಒಬ್ಬಳು ಬೇಕೆಂದು ಅವಳನ್ನೂ ಕರೆದೊಯ್ದರು. ಹೋದವರೆಲ್ಲ ಸೇರಿ ಶಾಲೆಯ ಗೋಡೆಗೆ ನೀಲಿ ಬಣ್ಣ ಬಳಿದರು. ಹಿಂದಿನ ವರ್ಷ ಬಂದವರು ಹಸಿರು ಬಳಿದು ಹೋಗಿದ್ದರು. ಊರವರು ಪಾಪ, ಎರಡು ಸಲವೂ ಚಪ್ಪಾಳೆ ತಟ್ಟಿದ್ದರು.

ವಫೂಲಾನ ಅಜ್ಜಿ ಅಪೊಲೊನಿಯಾಳನ್ನು ಮನೆಗೆ ಕರೆದು ಚಪಾತಿ, ಚಹಾ ಕೊಟ್ಟಳು. ಹುಡುಗನ ತಾಯಿ, ತನ್ನ ಮಗಳು ನೆಕೇಸಾ, ಅಬುಧಾಬಿಯಲ್ಲೇ ಮನೆಗೆಲಸಕ್ಕಿದ್ದಾಳೆಂದು ಹೇಳಿ, ಅವಳಿಗೆ ತಲುಪಿಸಲು ಹುರಿದ ನೆಲಗಡಲೆಯ ಪೊಟ್ಟಣವನ್ನೂ ಫೋನ್ ನಂಬರನ್ನೂ ಕೊಟ್ಟಳು. ಅಷ್ಟರಲ್ಲಿ ಗ್ರೆಗರಿ ಕ್ಯಾಮೆರಾ ಹಿಡಿದು ಬಂದರು. ಚಹಾದ ಫ್ಲಾಸ್ಕನ್ನು ಬದಿಗೆ ಸರಿಸಿದರು. ತಾಯಿ ಕಳುಹಿಸಿದ ಅಂಗಿ ತೊಟ್ಟು ಮದುಮಗನಂತೆ ನಿಂತಿದ್ದ ಹುಡುಗನನ್ನು ನೋಡಿ, "ಇದು ಆಫ್ರಿಕಾದ ಹಾಗೆ ಕಾಣುವುದಿಲ್ಲ. ಅಂಗಿ ತೆಗೆಸು," ಎಂದರು. ತೆಗೆಸಿದವಳು ಅಪೊಲೊನಿಯಾ. ಫೋಟೊ ಮುಗಿದದ್ದೇ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿ ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು. ಅಂಗಿ ಅವಳ ಕೈಯಲ್ಲೇ ಉಳಿದುಹೋಯಿತು.

ಈ ಶುಕ್ರವಾರ ಬಂದು ಪೊಟ್ಟಣ ಒಯ್ಯಲು ಅವಳು ನೆಕೇಸಾಗೆ ಹೇಳಿದ್ದಳು. ಬೆಳಿಗ್ಗೆ ಪ್ರಾರ್ಥನೆಯ ಹಾಲ್‌ಗೆ ಬಂದು ನೋಡಿದರೆ ಗೋಡೆಯೆತ್ತರದ ಪೋಸ್ಟರು. ಬರಿಮೈಯ ವಫೂಲಾ. ಕೆಳಗೆ, 'ಇವನಿಗೆ ಲೋಕದಲ್ಲಿ ಯಾರೂ ಇಲ್ಲ.' ತಾಯಿ ಬರುವುದರೊಳಗೆ ಇದು ಇಳಿಯಬೇಕು.

"ಸರ್, ಅವನಿಗೆ ತಾಯಿ ಇದ್ದಾಳೆ," ಎಂದಳು.

"ಜೊತೆಯಲ್ಲಿ ಇಲ್ಲವಲ್ಲ," ಎಂದರು ಗ್ರೆಗರಿ ಮಮತೆಯಿಂದಲೇ. "ಜೊತೆಗಿಲ್ಲದ ತಾಯಿ ಇದ್ದರೇನು, ಬಿಟ್ಟರೇನು?"

ಆ ಮಾತು ನೇರ ಶಿರ್ವಕ್ಕೆ ಹೋಗಿ ನಾಟಿತು. ಹಾಗಾದರೆ ತನ್ನ ಮಗಳೂ ಅನಾಥೆಯೇ? ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ವ್ಯಾಲೆಂಟೈನ್ ತೋಳು ಹಿಡಿದು ಮೂಲೆಗೆಳೆದ.

"ಸುಮ್ಮನಿರು ಮಾರಾಯ್ತಿ. ನನ್ನ ವೀಸಾದ ಕಾಗದಕ್ಕೆ ಸೈನ್ ಹಾಕುದು ಅವರೇ, ಗೊತ್ತುಂಟಲ್ಲ? ಬಡವನ ಕೋಪ ದವಡೆಗೆ ಮೂಲ."

ಇನ್ನು ನೆಕೇಸಾಳನ್ನು ಗೇಟಿನಲ್ಲೇ ತಡೆದು ಪೊಟ್ಟಣ ಕೊಟ್ಟು ಕಳಿಸುವುದೆಂದು ಅವಳು ಓಡಿದಳು. ತಡವಾಗಿತ್ತು. ಬಳಗದ ಹೆಂಗಸರು ನೆಕೇಸಾಳನ್ನು ಬಹಳ ಪ್ರೀತಿಯಿಂದ, ಕೈಹಿಡಿದು, ಒಳಗೆ ಕರೆತಂದಾಗಿತ್ತು.

ನೆಕೇಸಾ ಪೋಸ್ಟರಿನ ಎದುರು ನಿಂತಳು. ಓದಿದಳು. ಅಪೊಲೊನಿಯಾ ಹತ್ತಿರ ಹೋಗಿ ನಿಂತಾಗ ಮೆಲ್ಲಗೆ ಕೇಳಿದಳು: "ಅಂಗಿ ಎಲ್ಲಿ? ನಾನು ದುಬೈಗೆ ಹೋದಾಗ ನೈಫ್ ಮಾರ್ಕೆಟಿನಲ್ಲಿ ಕೊಂಡದ್ದು. ನನ್ನ ಅಮ್ಮ ಮಾರಿಬಿಟ್ಟಳಾ?"

ಹೆತ್ತ ತಾಯಿಯ ಮೇಲೇ ಸಂಶಯ ಬರುವಂತಾಯಿತಲ್ಲ! ಅಪೊಲೊನಿಯಾ ಕೈಚೀಲದಿಂದ ಅಂಗಿಯನ್ನೂ ನೆಲಗಡಲೆಯ ಪೊಟ್ಟಣವನ್ನೂ ತೆಗೆದುಕೊಟ್ಟಳು. "ಅಮ್ಮ ಮಾರಲಿಲ್ಲ. ಫೋಟೊಕ್ಕೆಂದು ತೆಗೆಸಿದ್ದು ನಾನು. ಸಾಹೇಬರು ಹೇಳಿದರು," ಎಂದಳು.

ನೆಕೇಸಾ ಅಂಗಿಯನ್ನು ಮೂಸಿದಳು. ಪೋಸ್ಟರಿನ ಹುಡುಗನ ಹೆಗಲಿಗೆ ಹಿಡಿದು ನೋಡಿದಳು. ಹೊರಗೆ ಅವಳ ಮೇಡಮ್ಮಿನ ಡ್ರೈವರ್ ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಅವಳು ಪೋಸ್ಟರಿನ ಮೊಳೆಗೆ ಅಂಗಿಯ ಕೊರಳು ಸಿಕ್ಕಿಸಿ, ಮಗನ ಬರಿಮೈ ಮುಚ್ಚುವಂತೆ ಇಳಿಬಿಟ್ಟಳು.

"ಎಸಿ ಜೋರುಂಟು ಇಲ್ಲಿ," ಎಂದಳು. ನೆಲಗಡಲೆಯ ಪೊಟ್ಟಣ ಎದೆಗವಚಿಕೊಂಡು ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಗ್ರೆಗರಿ ಬಂದರು. ಅಂಗಿ ನೋಡಿ ಅವರ ಮುಖ ಅರಳಿತು. "ಈಗ ಹೋದ ಆ ಬಡ ಹೆಂಗಸು ಕೊಟ್ಟದ್ದೇ? ಎಂಥ ದೊಡ್ಡ ಮನಸ್ಸು!" ಎಂದು ಅದನ್ನು ಬಿಡಿಸಿ, ನೀಟಾಗಿ ಮಡಚಿ, ಆಫ್ರಿಕಾದ ಬಡಮಕ್ಕಳಿಗೆಂದು ಇಟ್ಟಿದ್ದ ಹಳೆಬಟ್ಟೆಯ ಪೆಟ್ಟಿಗೆಗೆ ಹಾಕಿದರು.

ಅಪೊಲೊನಿಯಾ ಗಂಡನ ಮುಖ ನೋಡಿದಳು. ಅವನು ಕುರ್ಚಿ ಜೋಡಿಸುತ್ತಿದ್ದ.